ಎರಡರಿಂದ ನಾಲ್ಕರವರೆಗಿನ ಬೆಳಕು

ಆಗಸ್ಟ್ ೫

ಇವತ್ತು ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಸಮುದ್ರದಾಚೆಯ ಮಾತು ನಮ್ಮ ಕಚೇರಿಗೆ ಬಂತು. ನಾನು ಕೇಳಿದೆ. ಅಲ್ಲ, ಓದಿದೆ. ಈ ವ್ಯತ್ಯಾಸ ಊರಿನವರಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಆದ್ದರಿಂದ ಇಲ್ಲಾದರೂ ಸರಿಯಾಗಿ ಬರೆದಿಡುತ್ತೇನೆ.

ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್ಲಿನ ತುದಿ ನಮ್ಮ ಕತ್ತಲೆ ಕೋಣೆಗೆ ಬಂದು ಸೇರುತ್ತದೆ. ಆಚೆ ದಡದಿಂದ ಹೊರಟ ವಿದ್ಯುತ್ತು ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿ ಹೋಗಿರುತ್ತದೆ, ಒಂದು ಗಂಟೆ ಬಾರಿಸುವ ತ್ರಾಣವೂ ಅದಕ್ಕಿರುವುದಿಲ್ಲ. ಅದಕ್ಕೇ ಉಗುರಿನಷ್ಟು ಕನ್ನಡಿಯೊಂದನ್ನು ರೇಷ್ಮೆ ಎಳೆಯಲ್ಲಿ ನೇತುಹಾಕಿ, ಅದರ ಬೆನ್ನಿಗೆ ಅಯಸ್ಕಾಂತದ ಚೂರು ಅಂಟಿಸಿದ್ದಾರೆ. ದೀಪದ ಬೆಳಕು ಆ ಕನ್ನಡಿಗೆ ಬಿದ್ದು ಎದುರಿನ ಅಳತೆಪಟ್ಟಿಯ ಮೇಲೆ ಒಂದು ಬೊಟ್ಟಾಗಿ ನಿಲ್ಲುತ್ತದೆ. ಬೊಟ್ಟು ಎಡಕ್ಕೆ ಸರಿದರೆ ಒಂದು ಗುರುತು, ಬಲಕ್ಕೆ ಸರಿದರೆ ಇನ್ನೊಂದು. ಗುರುತು ಸೇರಿ ಅಕ್ಷರ, ಅಕ್ಷರ ಸೇರಿ ಮಾತು. ನಾನು ಬೊಟ್ಟಿನಿಂದ ಕಣ್ಣು ಕೀಳುವ ಹಾಗಿಲ್ಲ (ನಿಯಮ ೩). ಓದಿದ್ದನ್ನು ಗಟ್ಟಿಯಾಗಿ ಹೇಳಬೇಕು (ನಿಯಮ ೪). ನನಗೆ ಬೆನ್ನು ಮಾಡಿ ಕೂತ ಗುಮಾಸ್ತ ನನ್ನ ಬಾಯಿಂದ ಬಂದದ್ದನ್ನೆಲ್ಲ ಬರೆದುಕೊಳ್ಳಬೇಕು, ತನ್ನ ಬುದ್ಧಿ ಉಪಯೋಗಿಸಬಾರದು (ನಿಯಮ ೫). ನಮ್ಮ ಗುಮಾಸ್ತನಿಗೆ ಐದನೇ ನಿಯಮ ಪಾಲಿಸುವುದು ಬಹಳ ಸುಲಭ.

ಕಚೇರಿಗೆ ಹೆಚ್ಚುವರಿ ಅಯಸ್ಕಾಂತ ಒಂದು ಬಂದಿದೆ. ಅದು ಕನ್ನಡಿಯ ಹತ್ತಿರ ಸುಳಿಯಬಾರದು (ನಿಯಮ ೧೧). ಬೀಗ ಹಾಕುವ ಕಪಾಟು ಇನ್ನೂ ಬಂದಿಲ್ಲ, ಹಾಗಾಗಿ ಅಕ್ಕನ ಕೈಗೆ ಕೊಟ್ಟು ಜೋಪಾನವಾಗಿಡು ಎಂದೆ. ಅಕ್ಕ ನನ್ನ ಜೊತೆಗೇ ಇದ್ದಾಳೆ. ಹಳೆಯ ಹಗ್ಗದ ಕಾರ್ಖಾನೆಯನ್ನೇ ಕಚೇರಿ ಮಾಡಿರುವುದರಿಂದ ಕತ್ತಲೆ ಕೋಣೆಯ ಹಲಗೆ ಗೋಡೆಯ ಆಚೆಗೆ ನಮಗೆ ಮನೆ ಕೊಟ್ಟಿದ್ದಾರೆ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳೇ. ಇಬ್ಬರು ಎಂದರೆ ನಾನು ಮತ್ತು ಇನ್ನೊಬ್ಬ.

ಆಗಸ್ಟ್ ೮

ಆಚೆ ದಡದ ದೊಡ್ಡ ಮನುಷ್ಯರು ಈಚೆ ದಡದ ದೊಡ್ಡ ಮನುಷ್ಯರಿಗೆ ಶುಭಾಶಯ ಕಳಿಸಿದರು. ತೊಂಬತ್ತೊಂದು ಪದ, ಹದಿನೈದು ಗಂಟೆ. ಆರನೇ ಗಂಟೆಯಲ್ಲಿ ಒಂದು ಸೊಳ್ಳೆ ನನ್ನ ಮೂಗಿನ ಮೇಲೆ ಕೂತಿತು. ಕಣ್ಣು ತೆಗೆಯುವ ಹಾಗಿಲ್ಲ, ಕೈ ಬೀಸಿದರೆ ದೀಪ ಅಲುಗುತ್ತದೆ. ಗುಮಾಸ್ತ ಎದ್ದು ಬಂದು ಓಡಿಸಲಿ ಎಂದು "ಸೊಳ್ಳೆ" ಎಂದೆ. ಅವನು ಬರೆದುಕೊಂಡ. ಊರಿನ ಪತ್ರಿಕೆಯಲ್ಲಿ 'ಉಭಯ ದಡಗಳ ನಡುವೆ ಸೊಳ್ಳೆ ಶಾಶ್ವತ ಮೈತ್ರಿ' ಎಂದು ಅಚ್ಚಾಗಿಬಿಟ್ಟಿದೆ. ನಮ್ಮ ಮೇಲಧಿಕಾರಿಗಳು ತಿದ್ದುಪಡಿ ಹಾಕಿಸಲು ಒಪ್ಪಲಿಲ್ಲ. ಇವರನ್ನು ಕಚೇರಿಯಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತೇವೆ. ಒಂದು ಪದ ತಪ್ಪೆಂದು ಒಪ್ಪಿಕೊಂಡರೆ ಉಳಿದ ತೊಂಬತ್ತರ ಮೇಲೂ ಜನಕ್ಕೆ ಅನುಮಾನ ಬರುತ್ತದಂತೆ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಅರ್ಧ ಗಂಟೆಯಿಂದ ಲೇಖನಿ ಹಿಡಿದು ಕೂತಿದ್ದೇನೆ. ತಂತಿ ಕೆಲಸದವರಿಗೆ ಒಬ್ಬೊಬ್ಬರಿಗೂ ಒಂದೊಂದು ಕೈ ಇರುತ್ತದೆ, ನಡಿಗೆ ನೋಡಿ ಮನುಷ್ಯನನ್ನು ಗುರುತಿಸುವ ಹಾಗೆ ಕೈ ನೋಡಿ ಕಳಿಸುವವನನ್ನು ಗುರುತಿಸಬಹುದು. ಆಚೆ ದಡದ ಕೈ ಸಾಲು ಮುಗಿಯುವ ಮುಂಚೆ ಒಂದು ಉಸಿರಿನಷ್ಟು ತಡೆಯುತ್ತದೆ, ಆಮೇಲೆ ಕೊನೆಯ ಎರಡು ಗುರುತನ್ನು ಗಡಿಬಿಡಿಯಲ್ಲಿ ಮುಗಿಸುತ್ತದೆ. ಅದು ನನ್ನ ತಮ್ಮನ ಕೈ. ಬೇರೆ ಯಾರದೂ ಅಲ್ಲ.

ಆಗಸ್ಟ್ ೯

ಅಕ್ಕನಿಗೆ ಹೇಳಬಾರದಿತ್ತು. ಹೇಳಿದೆ.

ಅವಳು ಎರಡು ವರ್ಷದಿಂದ ಅವನಿಗೊಂದು ಸ್ವೆಟರ್ ಹೆಣೆಯುತ್ತಿದ್ದಾಳೆ, ಅಂದರೆ ಹೆಣೆದು ಬಿಚ್ಚಿ ಹೆಣೆದು ಬಿಚ್ಚಿ ಮಾಡುತ್ತಿದ್ದಾಳೆ. ಎಂಟು ವರ್ಷದಲ್ಲಿ ದಪ್ಪ ಆಗಿದ್ದಾನೋ ಸೊರಗಿದ್ದಾನೋ ತಿಳಿಯದೆ ಅಳತೆ ಕೂಡಿಬರುತ್ತಿಲ್ಲ. ಅವಳ ಕಣ್ಣಿಗೆ ಪೊರೆ ಬರುತ್ತಿದೆ. ಈ ಚಳಿಗಾಲ ಮುಗಿಯುವ ಹೊತ್ತಿಗೆ ಪೂರ್ತಿ ಮಸುಕಾಗುತ್ತದೆ ಎಂದು ವೈದ್ಯರು ನನ್ನೆದುರಿಗೇ ಹೇಳಿದ್ದಾರೆ. ಅಷ್ಟರೊಳಗೆ ಸ್ವೆಟರ್ ಮುಗಿಸಿ, ಅದನ್ನು ಅವನ ಮೈಮೇಲೆ ನೋಡಬೇಕು ಎಂಬುದೊಂದೇ ಅವಳ ಆಸೆ.

"ಅವನ ಎದೆಯ ಸುತ್ತಳತೆ ಎಷ್ಟು ಅಂತ ಕೇಳೋ. ಒಂದೇ ಒಂದು ಮಾತು" ಎಂದಳು.

ಲೋಕವೇ ಬೆರಗಾಗಿ ನೋಡುತ್ತಿರುವ ಕೇಬಲ್ಲಿನಲ್ಲಿ ಎದೆಯ ಸುತ್ತಳತೆ! ಸ್ವಂತ ವಿಷಯ ಕಳಿಸುವಂತಿಲ್ಲ (ನಿಯಮ ೧೪) ಎಂದೆ. ಹಾಗಾದರೆ ನೀನಾದರೂ ಬಂದು ನಿಲ್ಲು, ನಿನ್ನ ಮೇಲೆ ಅಂದಾಜು ಹಿಡಿಯುತ್ತೇನೆ ಎಂದಳು. ಅವನ ಅಳತೆಗೂ ನನ್ನ ಅಳತೆಗೂ ಸಂಬಂಧವಿಲ್ಲ ಎಂದು ಹೇಳಿ ಎದ್ದುಬಂದೆ.

ನನ್ನದೇನೂ ತಪ್ಪಿಲ್ಲ. ಎಂಟು ವರ್ಷದ ಹಿಂದೆ ನಾವಿಬ್ಬರೂ ಒಂದೇ ತಂತಿ ಕಚೇರಿಯಲ್ಲಿದ್ದೆವು. ಯಾರೋ ಒಬ್ಬಳು ತಾಯಿ ಸಾಯುತ್ತಿರುವ ಮಗನಿಗಾಗಿ ಅಳುತ್ತಾ ಬಂದಳೆಂದು ಅವನು ಅವಳ ಸಂದೇಶವನ್ನು ಸಾಲು ತಪ್ಪಿಸಿ ಎಲ್ಲರಿಗಿಂತ ಮೊದಲು ಕಳಿಸಿದ. ಸಾಲು ತಪ್ಪಿಸಿದ್ದು ನಿಜ. ನಾನು ವರದಿ ಬರೆದದ್ದೂ ನಿಜ. ಅವನ ಕೆಲಸ ಹೋಯಿತು. ಹಡಗು ಹತ್ತುವಾಗ "ನಿನಗೆ ನಿಯಮವೇ ತಮ್ಮ, ನಾನಲ್ಲ" ಎಂದ. ಸರಿಯಾದದ್ದನ್ನು ಮಾಡಿದವನು ನಾನು, ಮಾತು ಕೇಳಿಸಿಕೊಂಡವನೂ ನಾನೇ.

ಆಗಸ್ಟ್ ೧೨

ಊರಿಗೆ ಊರೇ ಕೇಬಲ್ ಹುಚ್ಚು ಹಿಡಿಸಿಕೊಂಡಿದೆ. ಮಿಕ್ಕಿದ ಕೇಬಲ್ಲನ್ನು ಗೇಣುದ್ದ ಕತ್ತರಿಸಿ ಮಾರುತ್ತಿದ್ದಾರೆ. ಕೊಡೆ ವ್ಯಾಪಾರಿ ಅದನ್ನೇ ಹಿಡಿಯಾಗಿ ಜೋಡಿಸಿದ ಕೊಡೆ ತಂದಿದ್ದಾನೆ, ಅಭಿನಂದನಾ ಸಮಿತಿಗೆ ಅವನೇ ಅಧ್ಯಕ್ಷ. ಹಲ್ಲಿನ ವೈದ್ಯನ ಅಂಗಡಿಯ ಮುಂದೆ 'ಕೇಬಲ್ ವೇಗದಲ್ಲಿ ಹಲ್ಲು ಕೀಳಲಾಗುವುದು' ಎಂಬ ಫಲಕ. ಹದಿನೈದು ಗಂಟೆ ಹಿಡಿಯುತ್ತದೆ ಎಂದು ರೋಗಿಗಳಿಗೆ ಗೊತ್ತಿಲ್ಲ.

ಬೆಳಕು ಮೊದಲಿನಷ್ಟು ದೂರ ಸರಿಯುತ್ತಿಲ್ಲ. ದೊಡ್ಡವರಿಗೆ ಹೇಳಿದೆ. ನಿಮ್ಮ ಕಣ್ಣು ಮಂಜಾಗಿರಬೇಕು ಎಂದರು.

ಆಗಸ್ಟ್ ೧೫

ಕೇಬಲ್ಲಿಗೆ ಕಿವಿ ಮಂದವಾಗಿದೆ, ಕಿವುಡರ ಹತ್ತಿರ ಕೂಗಿಯೇ ಮಾತಾಡಬೇಕು ಎಂಬುದು ದೊಡ್ಡವರ ಸಿದ್ಧಾಂತ. ಬ್ಯಾಟರಿಯ ಜಾಡಿಗಳನ್ನು ಎರಡರಷ್ಟು ಮಾಡಿಸಿದರು. ಮಧ್ಯಾಹ್ನ ನಾಲ್ಕರಷ್ಟು. ಸಂಜೆ ಜೋಡಣೆಯ ಹತ್ತಿರ ಸುಟ್ಟ ವಾಸನೆ ಬಂತು. ಅಡುಗೆ ಸೀದಿದೆಯೇ ನೋಡಿ ಎಂದು ನನ್ನನ್ನು ಮನೆಗೆ ಕಳಿಸಿದರು. ಸೀದಿರಲಿಲ್ಲ.

ಆಗಸ್ಟ್ ೧೮

ನಾಲ್ಕು ದಿನದಿಂದ ಎರಡು ದಡಗಳ ನಡುವೆ ನಡೆದ ಸಂಭಾಷಣೆ ಇಷ್ಟೇ. ಅವರು: ಮತ್ತೆ ಹೇಳಿ. ನಾವು: ಏನನ್ನು? ಅವರು: ನಿಧಾನ. ನಾವು: ಮತ್ತೆ ಹೇಳಿ. ಅವರು: ಏನನ್ನು? ಇದಕ್ಕಾಗಿ ಎರಡು ಹಡಗು, ಮೂರು ವರ್ಷ, ಸಮುದ್ರದಷ್ಟು ಉದ್ದದ ತಾಮ್ರ. ಗುಮಾಸ್ತ ಊಟಕ್ಕೆ ಹೋದಾಗ ಸಂದೇಶ ಕಳಿಸುವ ಕೀಲಿಯನ್ನು ಒಂದೆರಡು ಸಲ ನಾನೇ ಒತ್ತಿದ್ದೆ.

ಇವತ್ತು ಮಧ್ಯಾಹ್ನ ಮಾತ್ರ ಬೆಳಕು ಒಮ್ಮೆಲೇ ಸ್ಪಷ್ಟವಾಯಿತು. "ಓದುತ್ತಿರುವುದು ಯಾರು?" ಎಂದು ಬಂತು. ಕೊನೆಯ ಅಕ್ಷರಕ್ಕೆ ಮುಂಚೆ ಒಂದು ಉಸಿರು ತಡೆ.

ಓದುವವನು ತನ್ನ ಗುರುತು ಕೊಡಬಾರದು (ನಿಯಮ ೯). ಕೊಡಲಿಲ್ಲ. ಉತ್ತರ ಏನು ಕಳಿಸಲಿ ಎಂದು ಗುಮಾಸ್ತ ಕೇಳಿದ. 'ಮತ್ತೆ ಹೇಳಿ' ಎಂದು ಕಳಿಸು ಎಂದೆ. ಮತ್ತೆ ಹೇಳಲಿಲ್ಲ.

ಆಗಸ್ಟ್ ೨೦

ಬೆಳಕು ಸೊನ್ನೆಯ ಮೇಲೆ ನಿಂತಿದೆ. ನಿನ್ನೆಯಿಂದ ಕೂದಲೆಳೆಯಷ್ಟೂ ಸರಿದಿಲ್ಲ. ಕೇಬಲ್ ಸತ್ತಿದೆ.

ದೊಡ್ಡವರು ಆ ಪದ ಬಳಸಕೂಡದು ಎಂದರು. ಅದು ವಿಶ್ರಾಂತಿಯಲ್ಲಿದೆಯಂತೆ. ಸೆಪ್ಟೆಂಬರ್ ನಾಲ್ಕಕ್ಕೆ ಅಭಿನಂದನಾ ಸಮಿತಿ ಬೆಳಕು ನೋಡಲು ಬರುತ್ತದೆ, ಅಷ್ಟರಲ್ಲಿ ಅದು ಏಳಲೇಬೇಕಂತೆ. ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಸತ್ತದ್ದನ್ನು ಕಾಯಬೇಕೇ ಎಂಬುದಕ್ಕೆ ನಿಯಮ ಪುಸ್ತಕದಲ್ಲಿ ಏನೂ ಇಲ್ಲ, ಪೂರ್ತಿ ಹುಡುಕಿದೆ.

ಆಗಸ್ಟ್ ೨೨

ಬೆಳಕು, ಸೊನ್ನೆ. ಗಾಳಿ ಚಳಿಯಾಗಿದೆ. ಇಷ್ಟು ದಿನ ಹೊರಗೆ ಜಗುಲಿಯಲ್ಲಿ ಕೂತು ಹೆಣೆಯುತ್ತಿದ್ದ ಅಕ್ಕ ಕುರ್ಚಿಯನ್ನು ಒಳಗೆ, ಹಲಗೆ ಗೋಡೆಯ ಪಕ್ಕಕ್ಕೆ ಹಾಕಿಸಿಕೊಂಡಳು. ಆ ಕಿಟಕಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಿಸಿಲು ಬೀಳುತ್ತದೆ, ಅವಳ ಕಣ್ಣಿಗೆ ಅಷ್ಟು ಬೆಳಕಾದರೂ ಬೇಕು.

ಆಗಸ್ಟ್ ೨೩

ಬದುಕಿದೆ! ಕೇಬಲ್ ಬದುಕಿದೆ!

ಮಧ್ಯಾಹ್ನ ಎರಡು ಗಂಟೆ ಐದು ನಿಮಿಷಕ್ಕೆ ಬೊಟ್ಟು ನಡುಗಿತು, ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ನಿಲ್ಲಲೇ ಇಲ್ಲ. ಅಕ್ಷರ ಅಕ್ಷರವಾಗಿ ಹೇಳುತ್ತಾ ಹೋದೆ, ಗುಮಾಸ್ತ ಬರೆಯುತ್ತಾ ಹೋದ. ನಾಲ್ಕು ಗಂಟೆಗೆ ನಿಂತಿತು. ಹನ್ನೊಂದು ಹಾಳೆ ತುಂಬಿದೆ. ಒಂದು ಪದಕ್ಕೂ ಅರ್ಥವಿಲ್ಲ, ಆದರೆ ಕೈ ಅವನದೇ. ಸಾಲಿನ ಕೊನೆಗೆ ಒಂದು ಉಸಿರಿನಷ್ಟು ತಡೆ, ಆಮೇಲೆ ಗಡಿಬಿಡಿ. ತಾಯಾಣೆ ಅವನದೇ.

ದೊಡ್ಡವರು ಹನ್ನೊಂದು ಹಾಳೆಯನ್ನೂ ಹಿಡಿದು ನೋಡಿ ಇದು ಸಂಕ್ಷೇಪ ಎಂದರು, ತಮ್ಮ ಕೋಣೆಗೆ ಹೋಗಿ ವಿಸ್ತರಿಸಿಕೊಂಡು ಬಂದರು. ಸಂಜೆ ಬಾಗಿಲಿಗೆ ಅಂಟಿಸಿದ ಪ್ರಕಟಣೆ: 'ಆಚೆ ದಡದಲ್ಲಿ ಹವೆ ಹಿತವಾಗಿದೆ. ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮ ಬಯಸುತ್ತೇವೆ.' ಜನ ಚಪ್ಪಾಳೆ ತಟ್ಟಿದರು.

ಆಗಸ್ಟ್ ೨೬

ದಿನವೂ ಎರಡರಿಂದ ನಾಲ್ಕು. ಮೋಡವಿದ್ದರೆ ಬರುವುದಿಲ್ಲ. ಊಟವಾದ ಮೇಲೆ ಸಮುದ್ರ ತಣ್ಣಗಿರುತ್ತದೆ ಎಂದು ದೊಡ್ಡವರು ಒಂದು ಪ್ರಬಂಧ ಬರೆಯಲು ಶುರುಮಾಡಿದ್ದಾರೆ. ಸಮುದ್ರ ಯಾವಾಗ ಊಟ ಮಾಡುತ್ತದೆ ಎಂದು ಗುಮಾಸ್ತ ಕೇಳಿದ. ಅವನನ್ನು ಬ್ಯಾಟರಿ ಜಾಡಿ ತೊಳೆಯಲು ಹಾಕಿದರು.

ಅವನು ಹೊರಗೆ ಹೋದಾಗ ನಾನೊಂದು ಕೆಲಸ ಮಾಡಿದೆ. ಕೀಲಿಯ ಮುಂದೆ ಕೂತು 'ನಿನ್ನ ಎದೆಯ ಸುತ್ತಳತೆ ಎಷ್ಟು' ಎಂದು ಕಳಿಸಿದೆ. ಇದು ಸ್ವಂತ ಸಂದೇಶವಲ್ಲ, ಕೇಬಲ್ ಪರೀಕ್ಷಿಸುವ ವಾಕ್ಯ. ಪರೀಕ್ಷೆಗೆ ಯಾವ ವಾಕ್ಯವಾದರೂ ಆಗುತ್ತದೆ.

ಆಗಸ್ಟ್ ೨೭

ಉತ್ತರ ಬಂತು! ಅಕ್ಷರಗಳು ಕಲಸಿಹೋಗಿದ್ದವು, ಆದ್ದರಿಂದ ನಾನು ಎರಡು ತಡೆಗಳ ನಡುವೆ ಬೊಟ್ಟು ಎಷ್ಟು ಸಲ ಅಲುಗಿತು ಎಂದಷ್ಟೇ ಎಣಿಸಿದೆ. ನಲವತ್ತು. ಮತ್ತೆ ಎಣಿಸಿದೆ, ನಲವತ್ತು. ಪ್ರತಿ ಸಾಲೂ ನಲವತ್ತು. ನಾನು ಗುರುತು ಹಿಡಿಯಲಿ ಎಂದೇ ಹಾಗೆ ಕಳಿಸುತ್ತಿದ್ದಾನೆ, ಅವನು ಚಿಕ್ಕಂದಿನಿಂದಲೂ ಚೂಟಿ. ಮನೆಗೆ ಓಡಿಹೋಗಿ ನಲವತ್ತು ಇಂಚು ಎಂದೆ.

ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಹೋಗುವಾಗ ಮೂವತ್ನಾಲ್ಕಿದ್ದ. ಚೆನ್ನಾಗಿ ತಿಂತಿದ್ದಾನೆ ಅಂತಾಯ್ತು" ಎಂದು ಕಣ್ಣೊರೆಸಿಕೊಂಡಳು, ಹೆಣೆದಿದ್ದನ್ನೆಲ್ಲ ಬಿಚ್ಚಿ ಅಗಲವಾಗಿ ಶುರುಮಾಡಿದಳು. ಅವಳು ಇಷ್ಟು ನಕ್ಕಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಆಗಸ್ಟ್ ೨೯

ಇವತ್ತು ನಲವತ್ತಾರು.

ಮೊನ್ನೆ ನಾನೇ ತಪ್ಪಾಗಿ ಎಣಿಸಿರಬೇಕು ಎಂದು ಅಕ್ಕನಿಗೆ ಹೇಳಿದೆ. ಅವಳು ಹೆಣೆದಷ್ಟನ್ನೂ ಬಿಚ್ಚಿದಳು, ಇನ್ನೂ ಅಗಲ ಮಾಡಿದಳು.

ಗುಮಾಸ್ತ ಇಲ್ಲದ ಹೊತ್ತು ನೋಡಿ ಮತ್ತೊಂದು ಪರೀಕ್ಷಾ ವಾಕ್ಯ ಕಳಿಸಿದೆ. 'ಅವತ್ತು ಓದುತ್ತಿದ್ದದ್ದು ನಾನು.' ನಿಯಮ ಒಂಬತ್ತೋ ಹತ್ತೋ.

ಆಗಸ್ಟ್ ೩೧

ಐವತ್ತೆರಡು. ಮೂರು ಸಲ ಎಣಿಸಿದೆ.

ಅಕ್ಕ ಹೆಣಿಗೆಯ ಕಡ್ಡಿ ಕೆಳಗಿಟ್ಟಳು. ಒಂದು ವಾರದಲ್ಲಿ ಯಾವ ಮನುಷ್ಯನೂ ಹನ್ನೆರಡು ಇಂಚು ದಪ್ಪ ಆಗುವುದಿಲ್ಲ ಎಂದಳು. "ಅಪ್ಪನಿಗೂ ಹೀಗೇ ಆಗಿದ್ದು ಕಣೋ. ಮೊದಲು ಕಾಲು ಊದಿಕೊಳ್ತು, ಆಮೇಲೆ ಹೊಟ್ಟೆ, ಆಮೇಲೆ ಎದೆ. ಎದೆಗೆ ಬಂದು ಮೂರೇ ದಿನ." ಹಾಗೆಂದವಳು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ದೊಡ್ಡವರ ಪ್ರಕಟಣೆ: 'ಆಚೆ ದಡದಲ್ಲಿ ಬೆಳೆ ಸಮೃದ್ಧವಾಗಿದೆ.'

ಸೆಪ್ಟೆಂಬರ್ ೧

ಎರಡು ಗಂಟೆ, ಮೂರು, ನಾಲ್ಕು. ಬಿಸಿಲು ಚೆನ್ನಾಗಿತ್ತು. ಬೆಳಕು ಸೊನ್ನೆ.

ಸೆಪ್ಟೆಂಬರ್ ೨

ಸೊನ್ನೆ.

ಅಕ್ಕ ಊಟ ಮಾಡಿಲ್ಲ, ನಾನೂ ಮಾಡಿಲ್ಲ. ಎದೆಗೆ ಬಂದು ಮೂರೇ ದಿನ ಎಂದಿದ್ದಳು. ಕೀಲಿಯ ಮುಂದೆ ಕೂತು ಏನೇನೋ ಕಳಿಸಿದೆ. ಹುಷಾರಾಗಿದ್ದೀಯಾ ಎಂದೆ. ತಪ್ಪು ನನ್ನದು ಎಂದೆ. ಆ ತಾಯಿಯ ಮಗ ಕೊನೆಗೆ ಬದುಕಿದನೋ ಇಲ್ಲವೋ, ನಾನು ವಿಚಾರಿಸಲೇ ಇಲ್ಲ ಎಂದೆ. ಈಗ ಓದಿ ನೋಡಿದರೆ ಇವು ಪರೀಕ್ಷಾ ವಾಕ್ಯಗಳಂತೆ ಕಾಣುವುದಿಲ್ಲ. ಇರಲಿ.

ಸೆಪ್ಟೆಂಬರ್ ೩

ಕ್ರಮವಾಗಿ ಬರೆಯಲು ನೋಡುತ್ತೇನೆ.

ನಾಳೆ ಸಮಿತಿ ಬರುತ್ತದೆ, ಬೆಳಕು ಅಲುಗುತ್ತಿಲ್ಲ ಎಂದು ದೊಡ್ಡವರು ತಲೆಕೆಟ್ಟು ಓಡಾಡುತ್ತಿದ್ದರು. ನಾನು ಗುಮಾಸ್ತನನ್ನು ಬೆಳಕಿನ ಮುಂದೆ ಕೂರಿಸಿ ಮನೆಗೆ ಹೋದೆ. ಕರ್ತವ್ಯದ ಹೊತ್ತಿನಲ್ಲಿ ಜಾಗ ಬಿಟ್ಟು ಎದ್ದದ್ದು ಇದೇ ಮೊದಲು. ಅಕ್ಕ ಎದ್ದು ಕಿಟಕಿಯ ಹತ್ತಿರ ಕೂತಿದ್ದಳು. ಅವನಿದ್ದರೂ ಇಲ್ಲದಿದ್ದರೂ ಶುರುಮಾಡಿದ್ದನ್ನು ಮುಗಿಸುತ್ತೇನೆ ಎಂದು ಕಡ್ಡಿ ಕೈಗೆತ್ತಿಕೊಂಡಳು. ನಾನು ಅವಳ ಕಾಲ ಹತ್ತಿರ ನೆಲದ ಮೇಲೆ ಕೂತೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಹೀಗೇ ಅವಳ ಕಾಲ ಬುಡದಲ್ಲಿ ಕೂತು, ಕಡ್ಡಿಯ ಸದ್ದು ಕೇಳುತ್ತಾ ಪಾಠ ಓದುತ್ತಿದ್ದೆವು. ಆಮೇಲೆ ಅವಳ ಕೈಯನ್ನು ನಾನು ನೋಡಿಯೇ ಇರಲಿಲ್ಲ.

ಕಡ್ಡಿ ಟಿಕ್ ಟಿಕ್ ಎಂದು ಓಡಿತು. ಸಾಲಿನ ಕೊನೆಗೆ ಬಂತು. ಒಂದು ಉಸಿರಿನಷ್ಟು ತಡೆಯಿತು. ಆಮೇಲೆ ಕೊನೆಯ ಎರಡು ಕುಣಿಕೆಯನ್ನು ಗಡಿಬಿಡಿಯಲ್ಲಿ ಮುಗಿಸಿತು.

ಅದೇ ಹೊತ್ತಿಗೆ ಹಲಗೆ ಗೋಡೆಯ ಆಚೆಯಿಂದ ಗುಮಾಸ್ತ ಕೂಗಿದ: "ಸ್ವಾಮೀ, ಬೆಳಕು ಅಲುಗ್ತಿದೆ!"

ಅಕ್ಕನಿಗೆ ನಿಲ್ಲಿಸು ಎಂದೆ. ನಿಂತಿತು ಎಂದು ಅವನು ಕೂಗಿದ. ಹೆಣೆ ಎಂದೆ. ಬಂತು ಎಂದ. ಹೀಗೆ ನಾಲ್ಕು ಸಲ ಮಾಡಿದೆ. ಅಕ್ಕ ನನಗೆ ಜ್ವರ ಬಂದಿದೆ ಎಂದುಕೊಂಡು ಹಣೆ ಮುಟ್ಟಿ ನೋಡಿದಳು. ನಾನು ಉಣ್ಣೆಯ ಬುಟ್ಟಿಗೆ ಕೈಹಾಕಿದೆ. ಉಕ್ಕಿನ ಕಡ್ಡಿಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿದ್ದವು, ನಡುವೆ ನಮ್ಮ ಕಚೇರಿಯ ಹೆಚ್ಚುವರಿ ಅಯಸ್ಕಾಂತ. ಜೋಪಾನವಾಗಿಡು ಎಂದಿದ್ದೆಯಲ್ಲ, ಅದಕ್ಕಿಂತ ಜೋಪಾನದ ಜಾಗ ಈ ಮನೆಯಲ್ಲಿ ಯಾವುದಿದೆ ಎಂದಳು. ಒಂದು ತಿಂಗಳಿಂದ ಅದರ ಪಕ್ಕದಲ್ಲೇ ಬಿದ್ದು ಕಡ್ಡಿಗಳೂ ಅಯಸ್ಕಾಂತವಾಗಿವೆ. ಅವಳು ಕೈ ಆಡಿಸಿದಾಗಲೆಲ್ಲ ಗೋಡೆಯಾಚೆ ನನ್ನ ಕನ್ನಡಿ ತಿರುಗಿದೆ.

ಅಳತೆಯ ಲೆಕ್ಕವೂ ಬಿಡಿಸಿಕೊಂಡಿತು. ಉಣ್ಣೆ ದಪ್ಪದ್ದು, ಅಕ್ಕ ಎದೆ ಎಷ್ಟು ಇಂಚೋ ಮುಂಭಾಗಕ್ಕೆ ಅಷ್ಟು ಕುಣಿಕೆ ಹಾಕಿ, ಅಂಚಿನ ಹೊಲಿಗೆಗೆಂದು ಆರು ಸೇರಿಸುತ್ತಾಳೆ. ಮೂವತ್ನಾಲ್ಕಕ್ಕೆ ನಲವತ್ತು. ನಾನು ಅದನ್ನು ಎಣಿಸಿ ಅವಳಿಗೇ ಹೇಳಿದೆ. ನಲವತ್ತಕ್ಕೆ ನಲವತ್ತಾರು. ಅದನ್ನೂ ಹೇಳಿದೆ. ಇನ್ನೆರಡು ವಾರ ಹೀಗೇ ನಡೆದಿದ್ದರೆ ನನ್ನ ತಮ್ಮ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

ಅವನು ಊದಿಕೊಂಡಿಲ್ಲ, ಅವನಿಂದ ಒಂದಕ್ಷರವೂ ಬಂದಿರಲಿಲ್ಲ, ಇದ್ದದ್ದು ನೀನೇ ಎಂದು ಅಕ್ಕನಿಗೆ ಹೇಳಿದೆ. ಮೊದಲು ದೇವರಿಗೆ ಕೈಮುಗಿದಳು. ಆಮೇಲೆ ಕಡ್ಡಿಯನ್ನು ಮಡಿಲಲ್ಲಿಟ್ಟು, "ಮತ್ತೆ ಅವನ ಕೈಯೇ ಅಂತ ಹೇಳಿದ್ಯಲ್ಲೋ" ಎಂದಳು. ಅವನ ಕೈ ಎಲ್ಲಿಂದ ಬಂತು ಎಂಬುದು ನನಗೆ ಇವತ್ತಿನವರೆಗೆ ಹೊಳೆದಿರಲಿಲ್ಲ.

ದೊಡ್ಡವರಿಗೂ ನಿಜ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದರು. ಹೋಗಲಿ, ಮನುಷ್ಯನಿಗೆ ನಾಚಿಕೆಯಾಗಿದೆ ಎಂದುಕೊಂಡು ನೀರು ತಂದುಕೊಟ್ಟೆ. ಕುಡಿದರು, ಗಡಿಯಾರ ನೋಡಿದರು, "ಹಾಗಾದ್ರೆ ನಾಳೆ ಸರಿಯಾಗಿ ಮೂರು ಗಂಟೆಗೆ ಹೆಣೆಯೋಕೆ ಶುರುಮಾಡಿ ಅಂತ ನಿಮ್ಮ ಅಕ್ಕನಿಗೆ ಹೇಳಿ" ಎಂದರು.

ಸೆಪ್ಟೆಂಬರ್ ೪

ಸಮಿತಿಯವರು ಇಪ್ಪತ್ತಾರು ಜನ ಬಂದರು. ಕೊಡೆಗಳನ್ನು ಹೊರಗಿಡಿಸಿ ಹದಿನಾಲ್ಕು ಜನರನ್ನು ಕತ್ತಲೆ ಕೋಣೆಗೆ ತುಂಬಿದರು, ಉಳಿದವರು ಬಾಗಿಲಲ್ಲಿ ನಿಂತರು. ಮೂರು ಗಂಟೆಗೆ ಬೊಟ್ಟು ನಡುಗಿತು. ಎಲ್ಲರೂ ಕತ್ತು ಚಾಚಿದರು. ಅಧ್ಯಕ್ಷರು, ಅಂದರೆ ಕೊಡೆ ವ್ಯಾಪಾರಿ, ಸಮುದ್ರ ಏನು ಹೇಳುತ್ತಿದೆ ಎಂದು ನನ್ನ ಕಿವಿಯಲ್ಲಿ ಕೇಳಿದರು.

ದೊಡ್ಡವರು ಶುಭಾಶಯವೊಂದನ್ನು ಬರೆದು ನನ್ನ ಜೇಬಿಗಿಟ್ಟಿದ್ದರು. ನನ್ನ ತಮ್ಮ ಸಾಲು ತಪ್ಪಿಸಿದ್ದಕ್ಕೆ ವರದಿ ಬರೆದವನು ನಾನು. ಆ ಕಾಗದ ಓದಲು ನಾಲಿಗೆ ಏಳಲಿಲ್ಲ. ಬೆಳಕಿನಿಂದ ಕಣ್ಣು ತೆಗೆಯದೆ ಗಟ್ಟಿಯಾಗಿ ಹೇಳಿದೆ:

"ಕೇಬಲ್ ಸತ್ತು ಹದಿನೈದು ದಿನ ಆಯಿತು. ಇದು ನನ್ನ ಅಕ್ಕ ಸ್ವೆಟರ್ ಹೆಣೆಯುತ್ತಿರುವುದು."

ನನ್ನ ಬೆನ್ನ ಹಿಂದೆ ಗುಮಾಸ್ತನ ಲೇಖನಿ ಕರಕರ ಎಂದಿತು. ಬರೆದುಕೊಂಡ! ಎದ್ದು ನಿಂತು, ಕಾಗದ ಬೆಳಕಿಗೆ ಹಿಡಿದು, ಆಚೆ ದಡದಿಂದ ಬಂದ ಸಂದೇಶ ಎಂದು ಎಲ್ಲರಿಗೂ ಓದಿಯೂ ಹೇಳಿದ. ಐದನೇ ನಿಯಮ. ಆಮೇಲೆ ಅಧ್ಯಕ್ಷರು ಗದ್ಗದಿತರಾಗಿ, ಎಷ್ಟೊಂದು ಆತ್ಮೀಯ ಜನ, ಮನೆಯ ಮಾತನ್ನೂ ಮುಚ್ಚಿಡದೆ ಹಂಚಿಕೊಳ್ಳುತ್ತಿದ್ದಾರೆ, ಅವರ ಕೇಬಲ್ ಬೇಗ ಹುಷಾರಾಗಲಿ, ಅವರ ಅಕ್ಕನವರಿಗೆ ಸಮಿತಿಯ ವಂದನೆ ತಿಳಿಸಿ ಎಂದರು. ಚಪ್ಪಾಳೆಯೋ ಚಪ್ಪಾಳೆ. ದೊಡ್ಡವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಈ ಕೋಣೆಯಲ್ಲಿ ನಾನು ಏನು ಹೇಳಿದರೂ ಅದು ಸಮುದ್ರದಾಚೆಯದು. ಅದು ಅರ್ಥವಾದ ಮೇಲೆ ಒಂದು ತರಹದ ಧೈರ್ಯ ಬಂತು. ಬೊಟ್ಟು ನೋಡುತ್ತಲೇ ಮುಂದುವರಿಸಿದೆ.

"ಎಂಟು ವರ್ಷದ ಹಿಂದೆ ನಿನ್ನ ಮೇಲೆ ವರದಿ ಬರೆದದ್ದು ತಪ್ಪು. ಆವತ್ತೇ ನನಗೆ ಗೊತ್ತಿತ್ತು. ಓದುತ್ತಿರುವುದು ಯಾರು ಅಂತ ನೀನು ಕೇಳಿದಾಗಲೂ ಬಾಯಿ ಮುಚ್ಚಿಕೊಂಡಿದ್ದೆ. ಮನೆಗೆ ಬಾ. ಅಕ್ಕನ ಕಣ್ಣು ಹೋಗ್ತಿದೆ."

ಬೊಟ್ಟು ಸೊನ್ನೆಗೆ ಬಂದು ನಿಂತುಬಿಟ್ಟಿತು. ಹಲಗೆ ಗೋಡೆ ತೆಳುವಾದದ್ದು, ಆಚೆಗೆ ಎಲ್ಲ ಕೇಳಿಸುತ್ತದೆ. ಅಕ್ಕ ಮೂಗು ಎಳೆದುಕೊಂಡದ್ದು ಈಚೆಗೂ ಕೇಳಿಸಿತು. ಸಮಿತಿಯವರು ಟೋಪಿ ತೆಗೆದು ನಿಂತಿದ್ದರು, ಇಬ್ಬರು ಅಳುತ್ತಿದ್ದರು. ಯಾರ ಅಕ್ಕ, ಯಾರ ಕಣ್ಣು ಎಂದು ಒಬ್ಬರೂ ಕೇಳಲಿಲ್ಲ.

ಸೆಪ್ಟೆಂಬರ್ ೫

ಬೆಳಗಿನ ಹಡಗಿಗೆ ತಮ್ಮನಿಗೆ ಕಾಗದ ಹಾಕಿದೆ. ನಿನ್ನೆ ಹೇಳಿದ್ದನ್ನೇ ಬರೆದೆ. ಕೆಳಗೆ ಅಕ್ಕ ಹೇಳಿ ಬರೆಸಿದ ಪ್ರಶ್ನೆ: ಎದೆಯ ಸುತ್ತಳತೆ ಎಷ್ಟು. ಹೋಗಲು ಹನ್ನೆರಡು ದಿನ, ಬರಲು ಹನ್ನೆರಡು ದಿನ. ಎಂಟು ವರ್ಷದಿಂದ ವಾರಕ್ಕೊಂದು ಹಡಗು ಹೋಗುತ್ತಲೇ ಇತ್ತು.

ಸೆಪ್ಟೆಂಬರ್ ೯

ಆಚೆ ದಡದ ಕಚೇರಿ ಹಿಂದೆಯೇ ಬರೆದ ಪತ್ರ ಇವತ್ತಿನ ಹಡಗಿನಲ್ಲಿ ಬಂತು. 'ಆಗಸ್ಟ್ ಹತ್ತೊಂಬತ್ತರಿಂದ ನಿಮ್ಮಿಂದ ಏನೂ ಬಂದಿಲ್ಲ. ಎಲ್ಲ ಕ್ಷೇಮವೇ?' ದೊಡ್ಡವರ ಪ್ರಕಟಣೆ: 'ಆಚೆ ದಡದವರು ನಮ್ಮ ಕ್ಷೇಮ ವಿಚಾರಿಸಿದ್ದಾರೆ.'

ಸೆಪ್ಟೆಂಬರ್ ೧೮

ಕೇಬಲ್ ಸತ್ತಿದೆ ಎಂದು ಮೇಲಿನಿಂದ ಆದೇಶ ಬಂತು. ಈಗ ಆ ಪದ ಬಳಸಬಹುದು. ಸಾಮಾನು ಕಟ್ಟಲು ಶುರುಮಾಡಿದ್ದೇವೆ. ನಿಯಮ ಪುಸ್ತಕ ಎಲ್ಲಿ ಎಂದು ದೊಡ್ಡವರು ಕೇಳಿದರು. ಅಲುಗುತ್ತಿದ್ದ ಮಂಚದ ಕಾಲಿಗೆ ಅಕ್ಕ ಇಟ್ಟಿದ್ದಳು, ಎತ್ತರ ಸರಿಯಾಗಿದೆ. ಸಿಕ್ಕಲಿಲ್ಲ ಎಂದೆ.

ಅಕ್ಕನ ಬಲಗಣ್ಣು ಈಗ ಬೆಳಕು ಕತ್ತಲೆ ಅಷ್ಟೇ ಹಿಡಿಯುತ್ತದೆ. ಸ್ವೆಟರ್ ಬಿಚ್ಚಿ ಉಂಡೆ ಮಾಡಿಟ್ಟಿದ್ದಾಳೆ. ಅಳತೆ ಬರುವವರೆಗೆ ಒಂದು ಕುಣಿಕೆಯನ್ನೂ ಹಾಕುವುದಿಲ್ಲವಂತೆ.

ಅಕ್ಟೋಬರ್ ೨

ಹಡಗು ಬಂತು. ಲಕೋಟೆ ಅಕ್ಕನ ಹೆಸರಿಗಿತ್ತು, ನನ್ನ ಹೆಸರಿಗಲ್ಲ. ಒಡೆದರೆ ಒಳಗೊಂದು ದಾರ, ದಾರಕ್ಕೊಂದು ಗಂಟು, ಜೊತೆಗೊಂದು ಚೀಟಿ. ಚೀಟಿಯನ್ನು ನಾನೇ ಗಟ್ಟಿಯಾಗಿ ಓದಿದೆ.

"ಅಕ್ಕ, ನಿನ್ನ ಕಣ್ಣಿಗೆ ಅಂಕಿ ಕಾಣುತ್ತೋ ಇಲ್ಲವೋ ಅಂತ ಎದೆ ಸುತ್ತ ದಾರ ಹಿಡಿದು ಗಂಟು ಹಾಕಿದ್ದೀನಿ. ಮುಂದಿನ ವಾರದ ಹಡಗಿಗೆ ಹೊರಡ್ತೀನಿ. ಅಣ್ಣನಿಗೆ ಹೇಳು, ಓದುತ್ತಿರುವುದು ಯಾರು ಅಂತ ಕೇಳಿದ್ದು ನಾನೇ. ಗೊತ್ತಿದ್ದೇ ಕೇಳಿದ್ದು."

ಅಕ್ಕ ದಾರವನ್ನು ಒಂದು ತುದಿಯಿಂದ ಗಂಟಿನವರೆಗೆ ಬೆರಳಲ್ಲಿ ತಡವುತ್ತಾ ಹೋದಳು, ಮತ್ತೆ ಹಿಂದಕ್ಕೆ ಬಂದಳು. ನಾನು ಇಂಚುಪಟ್ಟಿ ತರುತ್ತೇನೆ ಎಂದು ಎದ್ದೆ. ಬೇಡ ಎಂದಳು. ನಿಂತಲ್ಲೇ ನನ್ನ ಅಂಗಿ ಹಿಡಿದು ಎಳೆದು, ನನ್ನ ಎರಡೂ ತೋಳಿನ ಕೆಳಗಿಂದ ದಾರ ಸುತ್ತಿ, ಬೆನ್ನ ಹಿಂದಿನಿಂದ ತಂದು, ಎದೆಯ ಮೇಲೆ ಬಿಗಿಹಿಡಿದಳು. ತುದಿಗೆ ಸರಿಯಾಗಿ ಗಂಟು ಬಂತು. ಒಂದು ಎಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.

"ನಿನ್ನಷ್ಟೇ ಇದ್ದಾನಲ್ಲೋ. ಅವತ್ತು ನಿಲ್ಲು ಅಂದಾಗಲೇ ನಿಂತಿದ್ರೆ ಆಗ್ತಿತ್ತು" ಎಂದಳು.

ದಾರವನ್ನು ಬಿಡದೆ ಹಾಗೇ ಹಿಡಿದುಕೊಂಡಿದ್ದಳು, ಹಣೆ ನನ್ನ ಭುಜಕ್ಕೆ ತಾಗುತ್ತಿತ್ತು. ಅಳತೆ ಆಗಲೇ ಮುಗಿದಿತ್ತು. ನಾನು ಅಲುಗಾಡಲಿಲ್ಲ.